ಹಬ್ ಬಿಸಿಯಾಗಿರುವಾಗ ಟ್ರೇಲರ್ ಅನ್ನು ನೀರಿಗೆ ಇಳಿಸಬೇಡಿ

ಕಾರವಾರದಿಂದ ಮರಳುವಾಗ, ಕೊಪ್ಪಳ ಜಿಲ್ಲೆಯ ಭಾನಾಪುರದ ಹತ್ತಿರ ನಮ್ಮ ದೋಣಿ ಟ್ರೇಲರ್‌ನ ಎಡಗಾಲಿ ಹಬ್ (ಆಕ್ಸಲ್‌ಗೆ ಕೂರುವ ಗಾಲಿಯ ನಡುಭಾಗ) ಸಮೇತ ಕಳಚಿಕೊಂಡು, ಕಾರನ್ನೇ ಹಿಂದೆ ಹಾಕಿ ಓಡಿತು. ರಸ್ತೆಯಂಚಿಗೆ ಬೈಕ್ ನಿಲ್ಲಿಸಿ ಗಂಡ ಹೆಂಡತಿ ಮಗುವಿಗೆ ನೀರು ಕುಡಿಸುತ್ತಿದ್ದರು. ಗಾಲಿ ಅವರಿಂದ ಒಂದು ಮಾರು ದೂರದಲ್ಲಿ ಹಾದು ಬಿಳಿಜೋಳದ ಹೊಲಕ್ಕೆ ನುಗ್ಗಿತು. ಆ ತಾಯಿ ಮಗುವನ್ನು ಅವಚಿಕೊಂಡು ನಿಂತ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಂಕ್ರಾಂತಿ ರಜೆಗೆ ನಾವು ಮೂವರು ಗೆಳೆಯರು 14 ಅಡಿಯ ಹಾಯಿದೋಣಿಯನ್ನು ಕೊಪ್ಪಳದಿಂದ ಕಾರವಾರಕ್ಕೆ ಎಳೆದುಕೊಂಡು ಹೋಗಿದ್ದೆವು. ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ ಎಂದು ಇಡೀ ದಿನದ ದಾರಿ. ಕಾಳಿ ನದಿ ಕಡಲು ಸೇರುವ ಅಳಿವೆಯಲ್ಲಿ ಐದು ದಿನ ಹಾಯಿ ಬಿಚ್ಚಿ ಓಡಾಡಿದೆವು. ಆ ಸುಖವನ್ನು ಇನ್ನೊಮ್ಮೆ ಬರೆಯುತ್ತೇನೆ.

ತಪ್ಪು ತಲುಪಿದ ಸಂಜೆಯೇ ಆಗಿಹೋಗಿತ್ತು. ಕತ್ತಲಾಗುವ ಮೊದಲು ದೋಣಿ ಇಳಿಸಬೇಕೆಂಬ ಅವಸರದಲ್ಲಿ, ದಿನವಿಡೀ ಓಡಿ ಕಾದಿದ್ದ ಗಾಲಿಗಳನ್ನು ನೇರವಾಗಿ ನೀರಿಗೆ ಇಳಿಸಿದೆವು. ಬಿಸಿಯಾದ ಹಬ್‌ನ ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರು ತಾಗಿದ ಕೂಡಲೇ ಅದು ಕುಗ್ಗಿ, ಗ್ರೀಸ್ ಹೊರಬಾರದಂತೆ ತಡೆಯುವ ರಬ್ಬರ್ ಬಳೆಯ, ಅಂದರೆ ಆಯಿಲ್ ಸೀಲ್‌ನ ಸಂದಿನಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನಮ್ಮ ಪಾಲಿಗೆ ಅದು ಉಪ್ಪುನೀರು. ಐದು ದಿನ ಟ್ರೇಲರ್ ವಸತಿಗೃಹದ ಅಂಗಳದಲ್ಲಿ ನಿಂತಿದ್ದಾಗ, ಹಬ್‌ನೊಳಗೆ ಗಾಲಿ ಸರಾಗ ತಿರುಗುವಂತೆ ಮಾಡುವ ರೋಲರ್‌ಗಳ ಬೇರಿಂಗ್ ಒಳಗೊಳಗೇ ತುಕ್ಕು ಹಿಡಿಯುತ್ತಿತ್ತು.

ಹೊರಡುವ ಮುನ್ನ ಗ್ರೀಸ್ ಹಾಕಿಸಿರಲಿಲ್ಲವೇ ಎಂದು ಕೇಳಬಹುದು. ಹಾಕಿಸಿದ್ದೆವು. ಗ್ಯಾರೇಜಿನವರು ಹಬ್ ಬಿಚ್ಚದೆ ಮೇಲಿನ ಮುಚ್ಚಳ ತೆಗೆದು ಒಂದಿಷ್ಟು ತುಂಬಿ ಕಳಿಸಿದ್ದರು. ಪಕ್ಕದಲ್ಲಿ ನಿಂತು ನೋಡದೇ ಹೋದದ್ದು ನನ್ನ ತಪ್ಪು. ಹಳೆಯ ಗ್ರೀಸ್ ಒರೆಸಿ, ಬೇರಿಂಗ್ ತೊಳೆದು, ಸೀಲ್ ಬದಲಿಸಿದರೆ ಮಾತ್ರ ಅದನ್ನು ಕೆಲಸ ಎನ್ನಬೇಕು.

ಮರಳುವ ದಿನವೂ ಅದೇ ಅವಸರ. ಒದ್ದೆ ಹಾಯಿ, ಲಂಗರು, ನೀರಿನ ಕ್ಯಾನುಗಳನ್ನೆಲ್ಲ ದೋಣಿಯ ಹಿಂಭಾಗಕ್ಕೆ ಎಸೆದೆವು. ಭಾರ ಹಿಂದಕ್ಕೆ ಬಿದ್ದರೆ ಟ್ರೇಲರ್ ಅತ್ತಿತ್ತ ಜೋಲಿ ಹೊಡೆಯುತ್ತದೆ. ಒಟ್ಟು ಭಾರದ ಹತ್ತರಲ್ಲಿ ಒಂದು ಪಾಲಾದರೂ ಕಾರಿನ ಕೊಂಡಿಯ ಮೇಲೆ ಕೂರಬೇಕು. ಹುಬ್ಬಳ್ಳಿಯಲ್ಲಿ ಸಾಮಾನನ್ನು ಮುಂದಕ್ಕೆ ಸರಿಸಿದ ಮೇಲೂ ಎಡಗಡೆಯಿಂದ ಸಣ್ಣಗೆ ಗರಗರ ಕೇಳುತ್ತಿತ್ತು. ರಸ್ತೆಯ ಸದ್ದು ಎಂದುಕೊಂಡೆವು. ಇಳಿದು ಹಬ್‌ಗೆ ಒಮ್ಮೆ ಕೈ ತಾಗಿಸಿದ್ದರೆ ಸಾಕಿತ್ತು, ತಿಳಿದುಹೋಗುತ್ತಿತ್ತು.

ಹೊಲದಿಂದ ಗಾಲಿಯನ್ನು ಉರುಳಿಸಿಕೊಂಡು ಬಂದವರು ಆ ಊರಿನ ಹಿರಿಯರೊಬ್ಬರು. "ತಮ್ಮಾ, ಇದರೊಳಗೆ ಗ್ರೀಸ್ ಎಲ್ಲಿದೆ?" ಎಂದರು. ನೋಡಿದರೆ ಚಹಾದ ಬಣ್ಣದ ಲೋಳೆ, ನಡುವೆ ಕಾದು ನೀಲಿಗಟ್ಟಿದ ಎರಡು ರೋಲರ್‌ಗಳು. ಉಳಿದವು ದಾರಿಯಲ್ಲೇ ಪುಡಿಯಾಗಿದ್ದವು. ಆಕ್ಸಲ್‌ನ ತುದಿಯನ್ನು ಉಜ್ಜಿ ತೆಗೆದಂತೆ ಆಗಿತ್ತು. ನಮ್ಮ ಕಾರಿನ ಜಾಕ್ ಟ್ರೇಲರ್‌ಗೆ ಎಟುಕಲಿಲ್ಲ, ಕಾರಿನ ಪಾನಾ ಅದರ ನಟ್‌ಗೆ ಹೊಂದಲಿಲ್ಲ. ಟ್ರ್ಯಾಕ್ಟರ್ ಜಾಕ್ ತಂದುಕೊಟ್ಟವರೂ ಅವರೇ, ದೋಣಿಯನ್ನು ಮೂರು ದಿನ ತಮ್ಮ ಕಣದಲ್ಲಿ ಇಟ್ಟುಕೊಂಡವರೂ ಅವರೇ.

ತುಂಗಭದ್ರಾ ಹಿನ್ನೀರಿಗೆ ಫೈಬರ್ ದೋಣಿ ತರುವ ಯೋಚನೆಯಲ್ಲಿರುವವರಿಗೂ ಈ ಮಾತು ಅನ್ವಯಿಸುತ್ತದೆ. ಸಿಹಿನೀರು ತಡವಾಗಿ ತಿನ್ನುತ್ತದೆ, ಆದರೆ ತಿನ್ನುತ್ತದೆ. (ಸಾಣಾಪುರದ ಹರಿಗೋಲಿನವರಿಗೆ ಈ ಚಿಂತೆಯಿಲ್ಲ, ತಲೆಯ ಮೇಲೆ ಹೊತ್ತು ನಡೆದುಬಿಡುತ್ತಾರೆ.) ನೀರಿನ ಬಳಿ ತಲುಪಿದ ಮೇಲೆ ಹಬ್ ಮುಟ್ಟಿದರೆ ತಣ್ಣಗಿದೆ ಎನಿಸುವವರೆಗೆ ಕಾಯಿರಿ, ಕತ್ತಲಾದರೆ ಮರುದಿನ ಇಳಿಸಿ. ಹೊರಡುವ ಮುನ್ನ ಗಾಲಿಯನ್ನು ಜಾಕ್ ಮೇಲೆತ್ತಿ ಕೈಯಿಂದ ತಿರುಗಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸದ್ದು ಬಂದರೆ, ಸಡಿಲವಿದ್ದರೆ ಅಲ್ಲೇ ಬಿಚ್ಚಿಸಿ. ಉಪ್ಪುನೀರಿನಿಂದ ಬಂದರೆ ಸಿಹಿನೀರಿನಲ್ಲಿ ತೊಳೆದು, ಮನೆಯಲ್ಲಿ ಹಬ್ ತೆರೆದು ನೋಡಿ. ದಾರಿಯಲ್ಲಿ ಚಹಾಕ್ಕೆ ನಿಂತಾಗಲೆಲ್ಲ ಎರಡೂ ಹಬ್‌ಗಳನ್ನು ಮುಟ್ಟಿ ನೋಡಿ. ಒಂದು ಇನ್ನೊಂದಕ್ಕಿಂತ ಹೆಚ್ಚು ಬಿಸಿಯಿದ್ದರೆ ಮುಂದೆ ಹೋಗಬೇಡಿ.

ಈಗ ನನ್ನ ಬಳಿ ಟ್ರೇಲರ್‌ಗೆ ಹೊಂದುವ ಜಾಕ್, ಪಾನಾ, ಒಂದು ಜೊತೆ ಬೇರಿಂಗ್ ಮತ್ತು ಸೀಲ್ ಇವೆ. ಕೊಪ್ಪಳದ ಸುತ್ತಮುತ್ತಲಿನವರು ಯಾರಾದರೂ ದೋಣಿ ಎಳೆದುಕೊಂಡು ಹೊರಟಿದ್ದರೆ ಒಂದು ಮಾತು ತಿಳಿಸಿ, ಕೊಟ್ಟು ಕಳಿಸುತ್ತೇನೆ.