ಬೋರ್ಡೋ ಕಲಸಿದ ಬಕೆಟ್ಟಿಗೆ ಲೇಟೆಕ್ಸ್ ಸುರಿಯಬೇಡಿ

ಕಾದಾಟದ ಆಟಕ್ಕೆಂದು ತೀರ್ಥಹಳ್ಳಿ ಕಡೆ ಜೂನ್‌ನಲ್ಲಿ ಬಣ್ಣ ಬಳಿದ ಒಂದು ಕಂತೆ ಫೋಮ್ ಕತ್ತಿಗಳು ದೀಪಾವಳಿ ಹೊತ್ತಿಗೆ ಪೂರ್ತಿ ಹಾಳು. ಒಂದಕ್ಕೊಂದು ಅಂಟಿಕೊಂಡಿದ್ದವನ್ನು ಬಿಡಿಸಿದರೆ ಮೇಲೆ ಬಳಿದಿದ್ದ ಲೇಟೆಕ್ಸ್, ಅಂದರೆ ರಬ್ಬರ್ ಹಾಲಿನ ಪದರ, ಬಣ್ಣದ ಸಮೇತ ಕಿತ್ತು ಬಂತು. ಹಿಡಿಯ ಮೇಲೆ ಬಂಗಾರದ ಪಟ್ಟಿ ಬಳಿದಿದ್ದ ಜಾಗದಲ್ಲಂತೂ ಬೆರಳಿಟ್ಟರೆ ಬೆಲ್ಲದ ಪಾಕದ ಹಾಗೆ ಎಳೆ ಎಳೆ. ಎಲ್ಲರೂ ಮಳೆಯನ್ನು ಬೈದರು. ಮಳೆಯ ಪಾಲು ಅರ್ಧ ಮಾತ್ರ.

ಉಳಿದರ್ಧ ತಾಮ್ರದ್ದು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಅದನ್ನು ಕಲಸಿದ ಬಕೆಟ್ಟನ್ನು ಬರೀ ನೀರಲ್ಲಿ ತೊಳೆದು ಲೇಟೆಕ್ಸ್ ಹಾಕಿದರೆ, ಉಳಿದ ಸುಣ್ಣಕ್ಕೆ ಹಾಲು ಅಲ್ಲಲ್ಲಿ ಗಂಟು ಕಟ್ಟುತ್ತದೆ. ಗಂಟು ಕಣ್ಣಿಗೆ ಕಾಣುತ್ತದೆ, ಸೋಸಬಹುದು. ತಾಮ್ರ ಕಾಣುವುದಿಲ್ಲ, ಅದು ರಬ್ಬರನ್ನು ನಿಧಾನಕ್ಕೆ ಒಳಗಿಂದಲೇ ಕೊಳೆಸುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಚಿನ್ನದ ಪುಡಿಯೂ ಬಹುತೇಕ ಹಿತ್ತಾಳೆ ಪುಡಿಯೇ, ಅಂದರೆ ಮತ್ತೆ ತಾಮ್ರ. ಬಂಗಾರದ ಬಣ್ಣ ಬೇಕೇ ಬೇಕೆಂದರೆ ಅಭ್ರಕದ ಪುಡಿ ತಗೊಳ್ಳಿ. ಮಗ್ಗು, ಬ್ರಷ್ಷು ಹೊಸದೇ ಇರಲಿ, ಮೂವತ್ತು ರೂಪಾಯಿಗೆ ಜಿಪುಣತನ ಬೇಡ.

ತೋಟದಿಂದ ನೇರ ತಂದ ರಬ್ಬರ್ ಹಾಲೂ ಬೇಡ. ಅದರಲ್ಲಿ ರಬ್ಬರ್ ಇರುವುದೇ ಮೂರನೇ ಒಂದು ಪಾಲು, ಅಮೋನಿಯಾ ಹಾಕದಿದ್ದರೆ ಕೆಲವೇ ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ, ಒಣಗಿದ ಮೇಲೂ ಜಿಗುಟು ಹೋಗುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ್ದು ‘ಪ್ರೀವಲ್ಕನೈಸ್ಡ್’ ಲೇಟೆಕ್ಸ್, ಅಂದರೆ ಒಣಗಿದರೆ ಜಿಗುಟಾಗದಂತೆ ಗಂಧಕ ಸೇರಿಸಿ ಮೊದಲೇ ಹದ ಮಾಡಿದ್ದು. ಲೇಬಲ್ ಇಲ್ಲದ ಡಬ್ಬಿಯಲ್ಲಿ ಅಳೆದು ಕೊಟ್ಟರೆ ವಾಪಸ್ ಬನ್ನಿ.

ಇನ್ನು ಮಳೆಯ ಪಾಲು. ಲೇಟೆಕ್ಸ್ ಒಣಗುವುದೆಂದರೆ ಅದರೊಳಗಿನ ನೀರು ಆರುವುದು. ಜುಲೈ ಥಂಡಿಯಲ್ಲಿ ಮೇಲೊಂದು ಪೊರೆ ಕಟ್ಟಿ ಒಳಗೆ ಹಸಿಯೇ ಉಳಿಯುತ್ತದೆ, ಅದರ ಮೇಲೆ ಮತ್ತೊಂದು ಕೋಟ್ ಬಿದ್ದರೆ ನೀರು ಹೊರಬರಲು ದಾರಿಯೇ ಇಲ್ಲ. ತೆಳುವಾಗಿ ಆರೇಳು ಕೋಟ್ ಬಳಿಯಿರಿ. ಬಣ್ಣ ಹಾಕದ ಲೇಟೆಕ್ಸನ್ನು ಒಂದು ಫೋಮ್ ತುಂಡಿಗೆ ಬಳಿದು ಪಕ್ಕದಲ್ಲಿಟ್ಟುಕೊಳ್ಳಿ: ಅದರ ಹಾಲುಬಿಳಿ ಪೂರ್ತಿ ಹೋಗಿ ಜೇನಿನ ಬಣ್ಣ ಬಂದ ಮೇಲಷ್ಟೇ ಮುಂದಿನ ಕೋಟ್. ಹತ್ತು ಭಾಗ ಲೇಟೆಕ್ಸಿಗೆ ಒಂದು ಭಾಗ ಅಕ್ರಿಲಿಕ್ ಬಣ್ಣ ಸಾಕು, ಜಾಸ್ತಿಯಾದರೆ ಬಿರುಕು. ಫ್ಯಾನ್ ಹಾಕಿ. ಬಟ್ಟೆ ಒಣಗಿಸಿದಂತೆ ಬಚ್ಚಲ ಒಲೆಯ ಮೇಲೆ ಮಾತ್ರ ತೂಗುಹಾಕಬೇಡಿ. ಮಸಿ ಹಿಡಿಯುವುದು ಹಾಗಿರಲಿ, ಫೋಮ್ ಜೋಡಿಸಿದ ಚಪ್ಪಲಿ ಅಂಟಿನ ಆವಿಗೆ ಬೆಂಕಿ ತಾಗಿದರೆ ಭಗ್ಗೆನ್ನುತ್ತದೆ.

ಲೇಟೆಕ್ಸ್ ರಗಳೆಯೇ ಬೇಡವೆಂದು ಎನಾಮಲ್ ಬಳಿದರೆ ಮೊದಲ ಏಟಿಗೇ ಸೀಳುತ್ತದೆ, ಎಪಾಕ್ಸಿಯಂತೂ ಒಣಗಿದರೆ ಕಲ್ಲು, ತಲೆಗೆ ಬಿದ್ದರೆ ಆಸ್ಪತ್ರೆಯೇ ಗತಿ. ಥರ್ಮಾಕೋಲಿಗೆ ಸ್ಪ್ರೇ ಪೇಂಟ್ ಹೊಡೆದರೆ ಥರ್ಮಾಕೋಲೇ ಕರಗುತ್ತದೆ. ಆಡುವವರಲ್ಲಿ ರಬ್ಬರ್ ಕೈಗವಸಿಗೆ ಮೈ ತುರಿಸುವವರಿದ್ದಾರಾ (ಅದು ಲೇಟೆಕ್ಸ್ ಅಲರ್ಜಿ ಇರಬಹುದು) ಎಂದು ಮೊದಲೇ ವಿಚಾರಿಸಿ.

ಈಗಾಗಲೇ ಅಂಟಾದ ಕತ್ತಿಗೆ ಪೌಡರ್ ಸವರಿದರೆ ಎರಡು ದಿನ ಸುಮ್ಮನಿರುತ್ತದೆ, ಅಷ್ಟೆ. ಲೇಟೆಕ್ಸ್ ಪೂರ್ತಿ ಸುಲಿದು, ಕತ್ತಿಯ ತುದಿ ಒತ್ತಿ ನೋಡಿ. ಒಳಗಿನ ಕೋಲು ಬೆರಳಿಗೆ ಸಿಗದಿದ್ದರೆ ಮಾತ್ರ ಆ ಫೋಮಿಗೆ ಹೊಸ ಕೋಟ್ ಬಳಿಯಿರಿ, ಅದೂ ನವೆಂಬರ್ ಬಿಸಿಲು ಬಂದ ಮೇಲೆ.