ಪಿಕಪ್ ಗಾಡಿಗೆ ಬ್ಲೂಟೂತ್ ಸ್ಕ್ಯಾನರ್: ಎರಡು ವರ್ಷ ಬಳಸಿದ ಮೇಲೆ

ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದಲ್ಲ, ಅದಕ್ಕೆ ಚುಚ್ಚಿ ಎಂಜಿನ್ ದೋಷದ ಕೋಡ್‌ಗಳನ್ನು ಫೋನಿನಲ್ಲಿ ಓದುವ ಬ್ಲೂಟೂತ್ ಅಡಾಪ್ಟರ್ ಬಗ್ಗೆ ಈ ವಿಮರ್ಶೆ. ಇಎಲ್‌ಎಂ 327 ಅನ್ನುವ ಚಿಪ್‌ನ ಹೆಸರು ಹಾಕಿ ಮಾರುತ್ತಾರೆ, ಅಗ್ಗದವೆಲ್ಲ ನಕಲು ಚಿಪ್‌ನವೇ. ನನ್ನದೂ ಅದೇ, ಆರೇಳುನೂರು ರೂಪಾಯಿಯದು. ಗಾಡಿ ಬಿಎಸ್6 ಡೀಸೆಲ್ ಪಿಕಪ್, ವಾರಂಟಿ ಮುಗಿದಿದೆ. ದಾವಣಗೆರೆಯಿಂದ ಮಂಡಕ್ಕಿ ಚೀಲ ಹೇರಿಕೊಂಡು ಚಿತ್ರದುರ್ಗ, ಹಿರಿಯೂರು ಕಡೆ ಹೋಗುತ್ತದೆ. ಬರುವಾಗ ಖಾಲಿ ಯಾಕೆ ಬರಬೇಕು ಅಂತ, ಸೀಸನ್ ಇದ್ದರೆ ಈರುಳ್ಳಿ ತುಂಬಿಕೊಳ್ಳುತ್ತೇವೆ. ಈ ಮಂಡಕ್ಕಿ, ಈರುಳ್ಳಿ ವಿಷಯ ಸುಮ್ನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಇದನ್ನು ತರಿಸಿದ್ದು ಚೆಕ್ ಲೈಟ್ ಕಾಟಕ್ಕೆ. ಚೆನ್ನಾಗಿ ಓಡುತ್ತಿರುವ ಗಾಡಿಯಲ್ಲಿ ಇದ್ದಕ್ಕಿದ್ದ ಹಾಗೆ ಹಳದಿ ಲೈಟ್ ಬರುವುದು, ಗಾಡಿ ಲಿಂಪ್ ಮೋಡ್‌ಗೆ ಹೋಗುವುದು. ಆಮೇಲೆ ಎಷ್ಟು ತುಳಿದರೂ ಎಳೆಯುತ್ತಿರಲಿಲ್ಲ. ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು. ಗ್ಯಾರೇಜ್‌ನಲ್ಲಿ ಸ್ಕ್ಯಾನ್ ಮಾಡಿ ಮ್ಯಾಪ್ ಸೆನ್ಸರ್ ಹೋಗಿದೆ ಅಂದರು. ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಅದು. ಹೊಸದು ಹಾಕಿಸಿದೆ. ಲೈಟ್ ಮತ್ತೆ ಬಂತು. ಕೋಡ್ ಅಳಿಸಿ ಕಳಿಸಿದರು. ಮತ್ತೂ ಬಂತು. ಆಮೇಲೆ, ಡೀಸೆಲ್ ಒತ್ತಡ ಅಳೆಯುವ ರೈಲ್ ಪ್ರೆಶರ್ ಸೆನ್ಸರ್ ಬದಲಿಸಿ ನೋಡೋಣ ಅಂದರು. ‘ನೋಡೋಣ’ ಅಂತ ಸಾವಿರಗಟ್ಟಲೆ ಹಾಕುವುದು ಯಾರ ದುಡ್ಡು ಅಲ್ವಾ? ಅವತ್ತೇ ಈ ಅಡಾಪ್ಟರ್ ಆರ್ಡರ್ ಮಾಡಿದೆ.

ಚುಚ್ಚಿ, ಫೋನಿಗೆ ಜೋಡಿಸಿ, ಕೀ ಆನ್ ಮಾಡಿದರೆ ಎರಡು ಕೋಡ್ ಬಂದವು: ಪಿ0107 ಮತ್ತು ಪಿ0192. ಒಂದು ಮ್ಯಾಪ್ ಸೆನ್ಸರ್‌ದು, ಇನ್ನೊಂದು ಡೀಸೆಲ್ ರೈಲ್ ಪ್ರೆಶರ್ ಸೆನ್ಸರ್‌ದು. ಎರಡಕ್ಕೂ ‘ಸರ್ಕ್ಯೂಟ್ ಲೋ’ ಅಂತ ವಿವರಣೆ. ಸೆನ್ಸರ್ ಕೆಟ್ಟಿದೆ ಅಂತ ಅಲ್ಲಿ ಎಲ್ಲೂ ಇಲ್ಲ. ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಬರಬೇಕಾದ ವೋಲ್ಟೇಜ್ ತೀರಾ ಕಡಿಮೆ ಬಂತು ಅಂತ ಅಷ್ಟೇ. ಅದಕ್ಕೆ ಸೆನ್ಸರ್ ಕಾರಣ ಇರಬಹುದು, ಕನೆಕ್ಟರ್ ಇರಬಹುದು, ವೈರ್ ಇರಬಹುದು. ಕೋಡ್ ಓದುವುದಕ್ಕಷ್ಟೇ ಈ ಅಡಾಪ್ಟರ್ ತೆಗೆದುಕೊಂಡರೆ ಗ್ಯಾರೇಜ್‌ನವರು ಹೇಳಿದ್ದನ್ನೇ ನಿಮ್ಮ ಫೋನಿನಲ್ಲಿ ಇನ್ನೊಂದು ಸಲ ಓದಿದ ಹಾಗೆ ಆಗುತ್ತದೆ. ದುಡ್ಡಿನ ಬೆಲೆ ಇರುವುದು ಉಳಿದ ಎರಡು ವಿಷಯದಲ್ಲಿ.

ಮೊದಲನೆಯದು ಫ್ರೀಜ್ ಫ್ರೇಮ್. ಲೈಟ್ ಬಂದ ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ ಇತ್ತು, ವೇಗ ಎಷ್ಟು, ಲೋಡ್ ಎಷ್ಟು, ನೀರಿನ ಬಿಸಿ ಎಷ್ಟು ಅಂತ ಇಸಿಯು ಬರೆದಿಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಅದಕ್ಕೇ ಮೊದಲು ಸ್ಕ್ರೀನ್‌ಶಾಟ್, ಆಮೇಲೆ ಕ್ಲಿಯರ್. ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಹಾಕಿದ ತಕ್ಷಣ ಕ್ಲಿಯರ್ ಒತ್ತಿಬಿಡುತ್ತಾರೆ, ಇದ್ದ ಸಾಕ್ಷಿಯೂ ಹೋಗುತ್ತದೆ. ಲೈಟ್ ಬಂದಾಗಲೆಲ್ಲ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳುತ್ತಾ ಹೋದೆ. ಎಲ್ಲದರಲ್ಲೂ ಒಂದೇ ಕಥೆ: ವೇಗ ಕಡಿಮೆ, ಲೋಡ್ ಜಾಸ್ತಿ, ಬಿಸಿ ಮಾತ್ರ ಮಾಮೂಲು. ಅಂದರೆ ಗಾಡಿ ಕಾದಿದ್ದಕ್ಕೆ ಬಂದದ್ದಲ್ಲ.

ಮಂಡಕ್ಕಿ ಹೇರಿದಾಗ ಲೈಟ್ ಬರುತ್ತಲೇ ಇರಲಿಲ್ಲ. ಚೀಲ ಟಾಪ್‌ವರೆಗೂ ಪೇರಿಸಿದರೂ ತೂಕ ಎಷ್ಟಿರುತ್ತದೆ ಹೇಳಿ? ಈರುಳ್ಳಿ ತುಂಬಿದ ದಿನವೇ ತಕರಾರು. ಮೊದಲು ಹಳ್ಳಿ ರಸ್ತೆಯ ಕುಲುಕಾಟಕ್ಕೆ ಬರುತ್ತದೇನೋ ಅನ್ನಿಸಿತ್ತು. ಆದರೆ ಅದೇ ಗುಂಡಿ ದಾರಿಯಲ್ಲಿ ಖಾಲಿ ಹೋಗುವಾಗ ಏನೂ ಆಗುತ್ತಿರಲಿಲ್ಲ. ತುಂಬಿದ ಗಾಡಿಯನ್ನು ಫಸ್ಟ್, ಸೆಕೆಂಡ್ ಗೇರಲ್ಲಿ ಎಳೆಯುವಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಒಂದು ಕಡೆಗೆ ವಾಲುತ್ತದೆ. ಆಗ ಯಾವುದೋ ವೈರ್ ಎಳೆಯುತ್ತಿದೆ ಅಥವಾ ತಾಗುತ್ತಿದೆ ಅನ್ನುವ ಅನುಮಾನ ಶುರುವಾಗಿದ್ದು ಇಲ್ಲಿಂದ.

ಎರಡನೆಯದು ಲೈವ್ ಡೇಟಾ. ಆಪ್‌ನಲ್ಲಿ ಮ್ಯಾಪ್ ಒತ್ತಡ, ರೈಲ್ ಪ್ರೆಶರ್ ಎರಡನ್ನೇ ಆಯ್ದುಕೊಂಡು ರೆಕಾರ್ಡ್‌ಗೆ ಹಾಕಿ ಓಡಿಸಿದೆ. ಹತ್ತಾರು ಆಯ್ಕೆ ಮಾಡಬೇಡಿ, ಅಗ್ಗದ ಅಡಾಪ್ಟರ್ ಅಷ್ಟನ್ನೂ ಬೇಗ ಓದಲಾರದು, ಗ್ರಾಫ್ ತುಂಡು ತುಂಡಾಗಿ ಬರುತ್ತದೆ. ಓಡಿಸುತ್ತಾ ಫೋನ್ ನೋಡುವ ಕೆಲಸವೂ ಬೇಡ. ಮನೆಗೆ ಬಂದು ನೋಡಿದರೆ ಎರಡೂ ಗೆರೆ ಒಂದೇ ಜಾಗದಲ್ಲಿ ದಬಕ್ಕನೆ ಬಿದ್ದಿದ್ದವು. ಗಾಳಿ ಅಳೆಯುವ ಸೆನ್ಸರ್ ಒಂದು, ಡೀಸೆಲ್ ಅಳೆಯುವ ಸೆನ್ಸರ್ ಇನ್ನೊಂದು. ಎರಡೂ ಒಂದೇ ಕ್ಷಣಕ್ಕೆ ಸತ್ತು, ಕೀ ತಿರುಗಿಸಿದ ಮೇಲೆ ಒಟ್ಟಿಗೇ ಬದುಕುವುದು ಹೇಗೆ ಸಾಧ್ಯ? ಎರಡಕ್ಕೂ ಸೇರಿದ್ದು ಯಾವುದೋ ಕೈಕೊಡುತ್ತಿದೆ ಅಂತಲೇ ಅರ್ಥ. (ಲೈಟ್ ಬಂದ ನಂತರದ ಗೆರೆಯನ್ನು ನಂಬಬೇಡಿ. ಬಹಳ ಗಾಡಿಗಳಲ್ಲಿ ಆಮೇಲೆ ಇಸಿಯು ತನ್ನದೇ ಅಂದಾಜಿನ ಸಂಖ್ಯೆ ಇಟ್ಟುಕೊಂಡು ಎಂಜಿನ್ ನಡೆಸುತ್ತದೆ.)

ಇಂಥ ಸೆನ್ಸರ್‌ಗಳಿಗೆ ಮೂರು ವೈರ್ ಇರುತ್ತವೆ: ಇಸಿಯು ಕೊಡುವ 5 ವೋಲ್ಟ್, ಅರ್ತ್, ಮತ್ತು ಸಿಗ್ನಲ್. ಆ 5 ವೋಲ್ಟ್ ಅನ್ನು ಎರಡು ಮೂರು ಸೆನ್ಸರ್‌ಗಳು ಹಂಚಿಕೊಳ್ಳುವುದು ಮಾಮೂಲು. ಆ ವೈರ್ ಎಲ್ಲಾದರೂ ಗಾಡಿಯ ಲೋಹದ ಭಾಗಕ್ಕೆ ತಾಗಿದರೆ ಅಷ್ಟೂ ಸೆನ್ಸರ್‌ಗಳ ಸಿಗ್ನಲ್ ಬೀಳುತ್ತದೆ, ತಪ್ಪು ಮಾಡದ ಸೆನ್ಸರ್‌ಗಳ ಹೆಸರಿನಲ್ಲಿ ಕೋಡ್ ಬರುತ್ತದೆ. ಇದಕ್ಕೇ ಅಂತ ಪಿ0642 ಅನ್ನುವ ಕೋಡ್ ಇದೆ, ನನ್ನ ಗಾಡಿಯಲ್ಲಿ ಅದು ಬರಲಿಲ್ಲ.

ಮ್ಯಾಪ್ ಸೆನ್ಸರ್ ಸರಿಯಿದೆಯಾ ಅಂತ ಮನೆಯಲ್ಲೇ ನೋಡುವ ಸುಲಭ ದಾರಿ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದಲ್ಲಾದರೆ 101 ಕಿಲೋಪ್ಯಾಸ್ಕಲ್ ಸುಮಾರು. ದಾವಣಗೆರೆ 600 ಮೀಟರ್ ಎತ್ತರದಲ್ಲಿರುವುದರಿಂದ ನಮಗೆ 94ರ ಹತ್ತಿರ ಬರಬೇಕು. ಚಿತ್ರದುರ್ಗ ಇನ್ನೂ ಎತ್ತರ, ಅಲ್ಲಿ ಒಂದು ಕಡಿಮೆ. ಗ್ಯಾರೇಜ್‌ನಲ್ಲಿ ತೆಗೆದುಕೊಟ್ಟ ಹಳೇ ಸೆನ್ಸರ್ ಡ್ಯಾಶ್‌ಬೋರ್ಡಲ್ಲೇ ಬಿದ್ದಿತ್ತು. ಹಾಕಿ ನೋಡಿದೆ. ಅದೂ 94 ತೋರಿಸಿತು!

ಈ ಸ್ಕ್ರೀನ್‌ಶಾಟ್, ಗ್ರಾಫ್ ಎಲ್ಲ ಹಿಡಿದುಕೊಂಡು ಪಿ.ಬಿ. ರಸ್ತೆ ಕಡೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ಗ್ರಾಫ್ ನೋಡಿ, “ಸೆನ್ಸರ್ ಬಿಡ್ರಿ, ವೈರಿಂಗ್ ಬಿಚ್ಚೋಣ” ಅಂದರು. ಮ್ಯಾಪ್ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 5 ವೋಲ್ಟ್ ಇತ್ತು. “ನೀವು ಮೀಟರ್ ನೋಡ್ತಾ ಇರ್ರಿ” ಅಂತ ಹೇಳಿ ವೈರಿಂಗ್ ಕಟ್ಟನ್ನು ಒಂದು ತುದಿಯಿಂದ ಗೇಣು ಗೇಣು ಅಲ್ಲಾಡಿಸುತ್ತಾ ಬಂದರು. ಎಂಜಿನ್ ಪಕ್ಕದ ಒಂದು ಬ್ರ್ಯಾಕೆಟ್ ಹತ್ತಿರ ಕೈ ಬಂದಾಗ ಮೀಟರ್ ಸೊನ್ನೆಗೆ ಬಿತ್ತು. ಅಲ್ಲಿ ಕಟ್ಟನ್ನು ಹಿಡಿದಿಡುವ ಕ್ಲಿಪ್ ಮುರಿದು, ಹೊರಗಿನ ಪೈಪ್ ಸವೆದು, ಒಂದು ವೈರಿನ ತಾಮ್ರ ಕಾಣುತ್ತಿತ್ತು. ಎಂಜಿನ್ ವಾಲಿದಾಗ ಅದು ಬ್ರ್ಯಾಕೆಟ್‌ಗೆ ತಾಗುತ್ತಿತ್ತು. ವೈರ್ ಸರಿ ಮಾಡಿ, ಸ್ಲೀವ್ ಹಾಕಿ, ಹೊಸ ಪೈಪ್ ತೊಡಿಸಿ, ಬ್ರ್ಯಾಕೆಟ್‌ನಿಂದ ದೂರ ಕಟ್ಟಿದರು. ಕೂತುಹೋಗಿದ್ದ ಮೌಂಟಿಂಗ್ ರಬ್ಬರ್ ಕೂಡ ಬದಲಾಯಿತು. ಅವರು ತೆಗೆದುಕೊಂಡಿದ್ದು ಸೆನ್ಸರ್ ಬೆಲೆಯ ಮುಂದೆ ಏನೇನೂ ಅಲ್ಲ. ಆಮೇಲೆ ಈರುಳ್ಳಿ ಸೀಸನ್ ಪೂರ್ತಿ ಎಳೆದಿದ್ದೇವೆ, ಆ ಎರಡು ಕೋಡ್ ತಿರುಗಿ ಬಂದಿಲ್ಲ.

ಇನ್ನು ಅಡಾಪ್ಟರ್‌ನ ಕೊರತೆಗಳು. ಬ್ಲೂಟೂತ್ ಆಗಾಗ ಕಳಚಿಕೊಳ್ಳುತ್ತದೆ, ಅದರಲ್ಲೂ ಫೋನಿಗೆ ಕರೆ ಬಂದಾಗ. ಕ್ಷಣಮಾತ್ರದ ತಾಗುವಿಕೆಯನ್ನು ಇದು ಹಿಡಿಯಲಾರದು, ನನ್ನ ಗಾಡಿಯಲ್ಲಿ ಗೆರೆ ಬಿದ್ದು ಸ್ವಲ್ಪ ಹೊತ್ತು ಹಾಗೇ ಇದ್ದದ್ದರಿಂದ ಸಿಕ್ಕಿತು. ಪಿ1ರಿಂದ ಶುರುವಾಗುವ, ಆಯಾ ಕಂಪನಿಯವರೇ ಇಟ್ಟುಕೊಂಡಿರುವ ಕೋಡ್‌ಗಳಿಗೆ ಎಷ್ಟೋ ಸಲ ವಿವರಣೆ ಬರುವುದಿಲ್ಲ. ಇಂಜೆಕ್ಟರ್ ಕೋಡಿಂಗ್ (ಹೊಸ ಇಂಜೆಕ್ಟರ್‌ನ ನಂಬರ್ ಇಸಿಯುಗೆ ಬರೆಯುವುದು), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಸುಡಿಸುವುದು ಇಂಥದ್ದಕ್ಕೆ ದೊಡ್ಡ ಸ್ಕ್ಯಾನರ್ ಇರುವ ಕಡೆಗೇ ಹೋಗಬೇಕು. ಸಾಕೆಟ್‌ನ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತಿರುತ್ತದೆ. ಕೀ ತೆಗೆದರೂ ಅಡಾಪ್ಟರ್ ಲೈಟ್ ಉರಿಯುತ್ತಲೇ ಇರುತ್ತದೆ. ಗಾಡಿ ನಾಲ್ಕು ದಿನ ನಿಲ್ಲುವುದಿದ್ದರೆ ಕಿತ್ತಿಡಿ.

ಐಫೋನ್ ಇರುವವರು ಹಳೇ ಬ್ಲೂಟೂತ್‌ನದನ್ನು ತರಿಸಬೇಡಿ, ವೈಫೈದೋ ಬಿಎಲ್ಇ (ಕಡಿಮೆ ಕರೆಂಟ್ ಬಳಸುವ ಹೊಸ ಬಗೆಯ ಬ್ಲೂಟೂತ್) ಇರುವುದೋ ನೋಡಿ. ಇದು 12 ವೋಲ್ಟ್ ಗಾಡಿಗೆ ಮಾಡಿದ್ದು. ನಮ್ಮ ಬೀದಿಯಲ್ಲಿ ಒಬ್ಬರು ಲಾರಿಗೂ ಹಾಕಿ ನೋಡೋಣ ಅಂತ ಕೇಳಿದ್ದರು. 24 ವೋಲ್ಟ್ ಲಾರಿ ಅದು, ನಾನು ಕೊಡಲಿಲ್ಲ.