ಕಾರವಾರದ ನಮ್ಮ ಹಂಚಿನ ಮನೆಯ ದೋಣಿ, ಗಟಾರ ರಿಪೇರಿ: ಒಂದು ಮಳೆಗಾಲ ಕಳೆದ ಮೇಲೆ ಬರೀತಿರೋದು

ಹಬ್ಬುವಾಡದ ನಮ್ಮ ಮನೆ ಅಜ್ಜ 1968ರಲ್ಲಿ ಕಟ್ಟಿಸಿದ್ದು. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು. ಹಿಂದುಗಡೆ ಅಡಿಗೆಮನೆ ದೊಡ್ಡದು ಮಾಡ್ಬೇಕು ಅಂತ ಅಪ್ಪ 1994ರಲ್ಲಿ ಸ್ಲ್ಯಾಬ್ ಹಾಕಿಸಿದ್ರು. ಹಳೇ ಮಾಡಿನ (ಹಂಚಿನ ಛಾವಣಿಯ) ನೀರು ಈ ಸ್ಲ್ಯಾಬಿಗೆ ಬಂದು ತಾಗೋ ಜಾಗದಲ್ಲಿ ಒಂದು ತಗಡಿನ ದೋಣಿ ಇದೆ, ಅಂದ್ರೆ ಮಳೆ ನೀರು ಹರಿದು ಹೋಗೋ ತಗಡಿನ ಕಾಲುವೆ, 40 ಅಡಿ ಉದ್ದ, ನಮ್ಮ ಮಳೆಗಾಲದ ತಲೆಬೇನೆ ಪೂರ್ತಿ ಆ 40 ಅಡಿಯಲ್ಲೇ. ಕಾರವಾರದಲ್ಲಿ ಇಂಥ ಅರ್ಧ ಹಂಚು ಅರ್ಧ ಸ್ಲ್ಯಾಬಿನ ಮನೆ ಎಷ್ಟೋ ಇದಾವೆ, ಅವರಿಗೆಲ್ಲ ಉಪಯೋಗ ಆಗ್ಲಿ ಅಂತ ಸಲ್ಪ ಉದ್ದಕ್ಕೇ ಬರೀತಿದೀನಿ.

2024ರ ಜುಲೈ, ಶಿರೂರಲ್ಲಿ ಗುಡ್ಡ ಕುಸಿದ ವಾರ, ಹಗಲು ರಾತ್ರಿ ಬಿಡದೆ ಹೊಡೀತಲ್ಲ, ಆಗ ದೋಣಿ ತುಂಬಿ ಒಳಗಡೆ ಮಗುಚ್ತು. ಅಡಿಗೆಮನೆ ಗೋಡೆ ಮೇಲಿಂದ ನೀರು ಇಳಿದು ಅಕ್ಕಿ ಡಬ್ಬಿ ಇಟ್ಟ ಶೆಲ್ಫ್ ಪೂರ್ತಿ ಒದ್ದೆ, ಆಯಿಗೆ (ನಮ್ಮಮ್ಮನಿಗೆ) 71 ವರ್ಷ, ರಾತ್ರಿ ಎರಡು ಗಂಟೆಗೆ ಎದ್ದು ಹಳೇ ಸೀರೆ ಹಾಸಿ ನೀರು ಹೀರಿಸಿ ಬಕೆಟಿಗೆ ಹಿಂಡ್ತಾ ಕೂತಿದ್ರು. ಅದನ್ನ ನೋಡಿದ ಮೇಲೆ ನನಗೆ ಇನ್ನು ಒಂದು ಮಳೆಗಾಲ ಹೀಗೆ ಕಳೀಬಾರದು ಅನ್ನಿಸ್ತು. ಅದಕ್ಕೂ ಮೊದಲು ಬೇರೊಬ್ಬರನ್ನ ಕರೆಸಿದ್ವಿ, ಹೆಸರು ಬೇಡ, ಅವರು ಅರ್ಧ ದಿನದಲ್ಲಿ ಜೋಡಣೆ ಇದ್ದಲ್ಲೆಲ್ಲ ಸಿಲಿಕಾನ್ ಬಳಿದು ನಾಲ್ಕು ಸಾವಿರ ತಗೊಂಡು ಹೋದ್ರು. ತುಕ್ಕು ಕೆರೆದಿರ್ಲಿಲ್ಲ, ಹಾವಸೆ ತೆಗೆದಿರ್ಲಿಲ್ಲ, ಅದರ ಮೇಲೇ ಬಳಿದಿದ್ರು, ತುಕ್ಕಿನ ಮೇಲೆ ಸಿಲಿಕಾನ್ ಹಿಡಿಯೋದಿಲ್ಲ, ಎರಡೇ ಮಳೆಗೆ ಪಟ್ಟಿ ಪಟ್ಟಿಯಾಗಿ ಎದ್ದು ಬಂತು.

ಈ ಸಲ ಬಂದಿದ್ದು ಕೋಡಿಬಾಗ ಕಡೆಯ ಮೂರು ಜನರ ತಂಡ. ಬೋರ್ಡು, ಆಫೀಸು ಏನಿಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ಹಿಡಿದಿದ್ದು. ಅವರಲ್ಲಿ ಹಿರಿಯರು ಬಂದವರೇ ಮಾಡು ಹತ್ಲಿಲ್ಲ. ಮನೆಗೆ ಒಂದು ಸುತ್ತು ಹಾಕಿದ್ರು, ಗೋಡೆ ಬುಡದಲ್ಲಿ ಹಸಿ ಎಷ್ಟು ಎತ್ತರ ಏರಿದೆ ಅಂತ ಕೈಯಲ್ಲಿ ಮುಟ್ಟಿ ನೋಡಿದ್ರು, ಆಮೇಲೆ "ಅಕ್ಕೋರೆ, ನಾಲ್ಕು ಕೊಡಪಾನ ನೀರು ಸಿಗ್ತದಾ?" ಅಂತ ಕೇಳಿದ್ರು. ಆಯಿ ಪ್ರಾಥಮಿಕ ಶಾಲೆಯಲ್ಲಿದ್ದವರು, ರಿಟೈರ್ ಆಗಿ ಎಷ್ಟು ವರ್ಷ ಆದ್ರೂ ಊರಿಗೆಲ್ಲ ಅಕ್ಕೋರೇ. ನೀರು ಕೊಟ್ವಿ. ದೋಣಿಯ ಪಶ್ಚಿಮದ ತುದಿಗೆ ಒಂದು ಕೊಡ ಸುರಿದ್ರೆ ಅದು ಪೂರ್ವಕ್ಕೆ ಹೋಗಿ ಪೈಪಲ್ಲಿ ಇಳೀಬೇಕಿತ್ತು, ಅರ್ಧ ದಾರಿಯಲ್ಲಿ ನಿಂತು ವಾಪಸ್ ಅಡಿಗೆಮನೆ ಕಡೆ ತಿರುಗ್ತು. ಇನ್ನೊಂದು ಕೊಡ ಸೀದಾ ಇಳಿಪೈಪಿಗೇ ಸುರಿದ್ರು, ಅದು ಅಂಗಳದ ಚೇಂಬರಿಂದ ಗುಳುಗುಳು ಅಂತ ಮೇಲೆ ಬಂತು. "ದೋಣಿ ತೊಳೆದು ಎರಡು ಸಾವಿರ ತಗೊಂಡು ಹೋಗಬಹುದು ಅಕ್ಕೋರೆ, ಆದ್ರೆ ಮೇಲಿಂದ ಇಳಿದ ನೀರಿಗೆ ಕೆಳಗೆ ಹೋಗೂಕೆ ದಾರಿನೇ ಇಲ್ಲ" ಅಂದ್ರು. ಈ ಮಾತು ನಮಗೆ ಮೂವತ್ತು ವರ್ಷದಲ್ಲಿ ಯಾರೂ ಹೇಳಿರ್ಲಿಲ್ಲ, ಬಂದವರೆಲ್ಲ ಮೇಲೆ ಹತ್ತಿ ತೂತು ಹುಡುಕಿ ಮುಚ್ಚಿ ಹೋದವರೇ.

ಆಮೇಲೆ ಕೂತು ನಾನೂ ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್. ಆ ದೋಣಿಗೆ ಬೀಳೋ ಮಾಡು, ಸ್ಲ್ಯಾಬು ಸೇರಿ 1,200 ಚದರ ಅಡಿ, ಅಂದ್ರೆ ಸುಮಾರು 110 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಬಿದ್ರೆ 11,000 ಲೀಟರ್, ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕು ಹನ್ನೊಂದು! ನಮ್ಮ ಕರಾವಳಿಯಲ್ಲಿ ಜುಲೈಯಲ್ಲಿ ಅಷ್ಟು ಮಳೆ ಬೀಳೋದು ಅಪರೂಪ ಏನಲ್ಲ. ಅಷ್ಟೂ ನೀರು ಒಂದು ಮೂರಿಂಚಿನ ಪೈಪಲ್ಲಿ ಇಳಿದು, ಮುಚ್ಚಿಹೋದ ಗಟಾರಕ್ಕೆ ಹೋಗ್ಬೇಕಿತ್ತು.

ಕೆಲಸ ಮೂರು ದಿನ ಹಿಡೀತು. ಮೊದಲು ತೆರವು: ಮಾವಿನ ಎಲೆ, ತೆಂಗಿನ ಸಿಂಗಾರದ ಕಸ, ಒಡೆದ ಹಂಚಿನ ಚೂರು, ಕಾಗೆ ತಂದ ತಂತಿ, ಕೆಳಗೆ ಗೊಬ್ಬರದ ಹಾಗೆ ಕಪ್ಪಗಾದ ಮಣ್ಣು ಆರು ಬಕೆಟ್. ಹಾವಸೆ ಹಿಡಿದ ಹಂಚಿನ ಮೇಲೆ ಯಾರೂ ಕಾಲಿಡ್ಲಿಲ್ಲ, ಪಕಾಸಿನ (ಹಂಚು ಹೊರೋ ಮರದ ಪಟ್ಟಿಯ) ಮೇಲೆ ಭಾರ ಬೀಳೋ ಹಾಗೆ ಹಲಗೆ ಹಾಸಿ ಅದರ ಮೇಲೆ ಕೂತೇ ಕೆಲಸ ಮಾಡಿದ್ರು. ಹಾಗಾಗಿ ಒಟ್ಟು ಒಡೆದ ಹಂಚು ಎರಡೇ, ಅದನ್ನೂ ಅವರೇ ಬದಲಿಸಿದ್ರು.

ಮಣ್ಣು ತೆಗೆದ ಮೇಲೆ ನೋಡಿದ್ರೆ ತಗಡಿನ ತಳ ಜರಡಿ ಆಗಿತ್ತು. ಸಮುದ್ರದ ಉಪ್ಪು ಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಬಾಳೋದಿಲ್ಲ ಅಂತ ಅವರೇ ಅಲ್ಯೂಮಿನಿಯಂ ಹಾಕೋಣ ಅಂದ್ರು. ನನಗೆ ನಿಜಕ್ಕೂ ಖುಷಿ ಆಗಿದ್ದು ಇಲ್ಲಿ. ಅಲ್ಯೂಮಿನಿಯಂ ಹಸಿ ಸಿಮೆಂಟಿಗೆ ತಾಗಿದ್ರೆ ಅದರ ಕ್ಷಾರಕ್ಕೆ ತಿಂದು ಹೋಗ್ತದೆ, ಹಾಗಾಗಿ ಸ್ಲ್ಯಾಬಿಗೆ ತಾಗೋ ಬದಿಗೆಲ್ಲ ಮೊದಲೇ ಡಾಂಬರ್ ಪೇಂಟ್ ಹೊಡೆದು ಒಣಗಿಸಿದ್ರು. ಕಬ್ಬಿಣದ ಮೊಳೆ ಒಂದೂ ಇಲ್ಲ, ಎಲ್ಲ ಸ್ಟೇನ್‌ಲೆಸ್ ಸ್ಕ್ರೂ, ರಬ್ಬರ್ ವಾಷರ್. ಎರಡು ತಗಡು ಸೇರೋ ಕಡೆ ನೀರು ಬರೋ ದಿಕ್ಕಿನ ತಗಡು ಮೇಲೆ, ಹೋಗೋ ದಿಕ್ಕಿನದು ಕೆಳಗೆ, ಆಗ ಸೀಲಂಟ್ ಹೋದ್ರೂ ನೀರು ಸಂದಿಗೆ ನುಗ್ಗೋದಿಲ್ಲ. ಇಳಿಜಾರಿಗೆ ಪಾರದರ್ಶಕ ಪೈಪಲ್ಲಿ ನೀರು ತುಂಬಿ ಮಟ್ಟ ಹಿಡಿದ್ರು, 10 ಅಡಿಗೆ ಅರ್ಧ ಇಂಚು. 40 ಅಡಿ ಒಂದೇ ಕಡೆ ಇಳಿಸಿದ್ರೆ ಎರಡು ಇಂಚು ಬೇಕಾಗ್ತದೆ, ಅಷ್ಟು ಜಾಗ ಹಂಚಿನ ಕೆಳಗಿಲ್ಲ, ಅದಕ್ಕೆ ನಡುವಿಂದ ಎರಡೂ ಕಡೆ ಒಂದೊಂದು ಇಂಚು ಇಳಿಸಿ, ಎರಡೂ ತುದಿಗೆ ನಾಲ್ಕಿಂಚಿನ ಪೈಪ್ ಕೊಟ್ರು.

ಇನ್ನು ಗಟಾರ. ಅಜ್ಜನ ಕಾಲದ ಮಣ್ಣಿನ ಪೈಪು, ಎರಡಡಿಗೊಂದು ಸಿಮೆಂಟ್ ಜೋಡಣೆ. ಅಗೆದು ನೋಡಿದ್ರೆ ಒಂದು ಕಡೆ ಪೈಪು ಕುಸಿದು ಜೋಡಣೆ ಬಿಟ್ಟಿದೆ, ಆ ಸಂದಿಯಿಂದ ತೆಂಗಿನ ಬೇರು ಒಳಗೆ ಹೋಗಿ ಪೊರಕೆ ಕಟ್ಟಿನ ಹಾಗೆ ತುಂಬಿಕೊಂಡಿದೆ. ಬೇರಿನ ಭಾಗ ಕಿತ್ತು 110 ಎಂಎಂ ಪಿವಿಸಿ ಹಾಕಿದ್ರು, ಕೆಳಗೆ ಮರಳು ಹಾಸಿ, ತಿರುವಿನಲ್ಲಿ ಮುಚ್ಚಳ ಎತ್ತಿ ನೋಡೋಕೆ ಒಂದು ಚೇಂಬರ್. ಅಗೆಯುವಾಗ ಇನ್ನೊಂದು ಗೊತ್ತಾಯ್ತು, ಸ್ಲ್ಯಾಬಿನ ನೀರು ಹೋಗೋ ಒಂದು ಪೈಪನ್ನ ಯಾವಾಗ್ಲೋ ಯಾರೋ ಸೆಪ್ಟಿಕ್ ಟ್ಯಾಂಕಿಗೆ ಸೇರಿಸಿಬಿಟ್ಟಿದ್ರು. ಮಳೆಗಾಲದಲ್ಲಿ ಟಾಯ್ಲೆಟ್ ಇಳೀದೇ ಇರೋದಕ್ಕೆ ಕಾರಣ ಅದೇ ಅಂತೆ, ಮಳೆ ನೀರು ಟ್ಯಾಂಕು ತುಂಬಿಸಿ ಹೊಲಸನ್ನ ಇಂಗುಗುಂಡಿಗೆ ತಳ್ತದೆ. ಅದನ್ನ ಬೇರೆ ಮಾಡಿದ್ರು. ನಮ್ಮ ಬಾವಿ ಅಲ್ಲಿಂದ ದೂರ ಏನಿಲ್ಲ, ಅದೇ ನೀರು ಇಷ್ಟು ವರ್ಷ ಕುಡಿದಿದೀವಿ ಅಂತ ನೆನೆಸಿದ್ರೆ ಈಗ್ಲೂ ಸಂಕಟ ಆಗ್ತದೆ.

ಟ್ಯಾಂಕ್ ಖಾಲಿ ಮಾಡೋ ಮಾತು ಬಂದಾಗ ಪಕ್ಕದ ಮನೆಯವರು "ಒಬ್ಬರು ಒಳಗಿಳಿದು ಬಳಿದ್ರೆ ಬೇಗ ಆಗ್ತದಲ್ಲ" ಅಂದ್ರು. ಹಿರಿಯರು ಸ್ಪಷ್ಟವಾಗಿ ಆಗೂದಿಲ್ಲ ಅಂದ್ರು, ಸಕ್ಕಿಂಗ್ ಗಾಡಿ ಬಂದ ಮೇಲೇ ಮುಂದಿನ ಕೆಲಸ ಅಂದ್ರು. ರಕ್ಷಣಾ ಸಲಕರಣೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನ ಇಳಿಸಿ ಬಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ, ಕಾಯ್ದೆ ಇರ್ಲಿ ಬಿಡಿ, ಒಳಗಿನ ಗ್ಯಾಸಿಗೆ ಎಷ್ಟು ಜನ ಸತ್ತಿದಾರೆ. ಗಟಾರದ ಕೆಸರಿಗೆ ಕೈ ಹಾಕುವಾಗ್ಲೂ ಮೂವರೂ ಗಂಬೂಟು, ಗ್ಲೌಸ್ ಹಾಕಿದ್ರು, ಇಲಿಜ್ವರ ನಮ್ಮ ಕಡೆ ಮಳೆಗಾಲದಲ್ಲಿ ಬರೋ ಕಾಯಿಲೆ, ಇಲಿ ಮೂತ್ರ ಸೇರಿದ ನೀರು ಗಾಯಕ್ಕೆ ತಾಗಿದ್ರೆ ಸಾಕು. ತಮ್ಮ ಜೀವದ ಬಗ್ಗೆ ಇಷ್ಟು ಜಾಗ್ರತೆ ಇರೋವ್ರನ್ನ ಕೆಲಸಕ್ಕೆ ಕರೀಲಿಕ್ಕೆ ನನಗೆ ಧೈರ್ಯ.

ಖರ್ಚು: ಮೂವರ ಮೂರು ದಿನದ ಕೂಲಿ 9,000, ದೋಣಿಯ ತಗಡು 8,800, ಪೈಪು, ಚೇಂಬರ್, ಮರಳು, ಸ್ಕ್ರೂ ಎಲ್ಲ ಸೇರಿ 6,700. ಸಕ್ಕಿಂಗ್ ಗಾಡಿಯವರಿಗೆ ಬೇರೆ 2,500. ಒಟ್ಟು 27,000. ಕಮ್ಮಿ ಅಂತ ಹೇಳೋದಿಲ್ಲ, ಆದ್ರೆ ಸಾಮಾನು ನಮ್ಮ ಎದುರೇ ಅಂಗಡಿಯಲ್ಲಿ ತಗೊಂಡ್ರು, ಉಳಿದ ಪೈಪ್ ತುಂಡೂ ಮನೆಯಲ್ಲೇ ಬಿಟ್ಟು ಹೋದ್ರು.

ಬೇಸರ ಆಗಿದ್ದೂ ಇದೆ. ಸೋಮವಾರ ಬರ್ತೀವಿ ಅಂದವರು ಬುಧವಾರ ಬಂದ್ರು, ಫೋನ್ ಎತ್ಲಿಲ್ಲ, ನಾನು ಎರಡು ದಿನ ರಜೆ ಹಾಕಿ ಕಾದೆ. ಅಗೆದ ಮಣ್ಣನ್ನ ಆಯಿಯ ಅಬ್ಬಲಿಗೆ ಗಿಡದ ಮೇಲೇ ರಾಶಿ ಹಾಕಿದ್ರು, ಎರಡು ಗಿಡ ಹೋಯ್ತು. ಬಿಲ್ ಇಲ್ಲ, ಚೀಟಿಯಲ್ಲಿ ಬರೆದು ಕೊಟ್ಟಿದ್ದೇ ಲೆಕ್ಕ. ದೋಣಿ ಬಾಯಿಗೆ ಎಲೆ ತಡೆಯೋ ಜಾಲರಿ ಹಾಕಿಲ್ಲ, ಕೇಳಿದ ಮೇಲೆ ಒಂದು ಬದಿಗೆ ಮಾತ್ರ ಹಾಕಿಕೊಟ್ರು.

ಇದೆಲ್ಲ ಆಗಿದ್ದು 2025ರ ಮೇ ಎರಡನೇ ವಾರ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳ ಮುಟ್ತು, ತಿಂಗಳ ಕೊನೆಗೆ ಇಲ್ಲೂ ಹೊಡೆಯೋಕೆ ಶುರುವಾಯ್ತು, ಮಿರಗಕ್ಕೆ (ಜೂನ್ ಮೊದಲ ವಾರದ ಮೃಗಶಿರಾ ಮಳೆಗೆ) ಇನ್ನೂ ಟೈಮಿದೆ ಅಂತ ಕಾದಿದ್ರೆ ಅಂಗಳ ಅಗೆದಿಟ್ಟಲ್ಲೇ ಸಿಕ್ಕಿಬೀಳ್ತಿದ್ವಿ. ಹಾಗಾಗಿ ಕರೆಸೋದಿದ್ರೆ ಮಾರ್ಚ್ ಏಪ್ರಿಲ್‌ನಲ್ಲೇ ಕರೆಸಿ, ಮೇ ಹದಿನೈದರ ಮೇಲೆ ಅವರು ಯಾರ ಕೈಗೂ ಸಿಗೋದಿಲ್ಲ. ಮೊದಲ ಜೋರು ಮಳೆಯ ರಾತ್ರಿ ನಾನು ಟಾರ್ಚ್ ಹಿಡಿದು ಹಿಂದೆ ಹೋಗಿ ನಿಂತೆ, ಎರಡೂ ಪೈಪಲ್ಲಿ ತುಂಬಿ ಇಳೀತಿತ್ತು, ಚೇಂಬರ್ ಮುಚ್ಚಳ ಎತ್ತಿದ್ರೆ ನೀರು ಓಡ್ತಿತ್ತು. ಜುಲೈ ಪೂರ್ತಿ ಅಡಿಗೆಮನೆಗೆ ಒಂದು ಹನಿ ಬರ್ಲಿಲ್ಲ. ಗೋಡೆ ಬುಡದ ಹಸಿ ಮಾತ್ರ ಒಣಗೋಕೆ ಡಿಸೆಂಬರ್ ಆಯ್ತು, ಚಿರೆಕಲ್ಲು ಹೀರಿದ ನೀರು ಬೇಗ ಬಿಡೋದಿಲ್ಲ, ಪೇಂಟ್ ಹೊಡೆಸೋ ಅವಸರ ಯಾರೂ ಮಾಡ್ಬೇಡಿ.

ಬಚ್ಚಲ ಕಡೆಯ ಪೈಪು ಇನ್ನೂ ಮಣ್ಣಿಂದೇ ಇದೆ. ಅದಕ್ಕೂ ಅವರಿಗೇ ಹೇಳಿಟ್ಟಿದೀನಿ, ಮತ್ತೆ ಇನ್ನೊಂದು ಬದಿಯ ಜಾಲರಿಗೂ.